ಚಿಕ್ಕಪ್ಪ ಓದದ ಪತ್ರ

ಪ್ರೀತಿಯ ಚಿಕ್ಕಮ್ಮ,

ಕೇಳಿಸುತ್ತಿದೆಯಾ? ಇದು ಚಿಕ್ಕಪ್ಪನ ದನಿಯಲ್ಲ ತಾನೇ? ಹಾಗಾದರೆ ಗೆದ್ದೆವು. ಹೆಡ್‌ಫೋನ್ ಹಾಕಿಕೊಂಡು ಕೇಳು, ಮುಂದೆ ಒಂದು ಗುಟ್ಟಿದೆ.

ನಿನ್ನ ಹಳೇ ಕಂಪ್ಯೂಟರ್ ಕೈಕೊಟ್ಟು ಹೊಸದು ಬಂದಾಗ ಅದರಲ್ಲಿ ಯಂತ್ರ ನಡೆಸುವ ಲಿನಕ್ಸ್‌ನ ಹೊಸ ಆವೃತ್ತಿ ಇತ್ತು. ನಿನ್ನ ಕಣ್ಣಿನ ಬದಲಿಗೆ ಪರದೆ ಓದಿ ಹೇಳುವ ನಮ್ಮ ತಂತ್ರಾಂಶ ಮಾತ್ರ ಇರಲಿಲ್ಲ. ಅಂದಿನಿಂದ ಓದುವ ಕೆಲಸ ಚಿಕ್ಕಪ್ಪನದಾಯಿತು. ಅವರ ಓದು ನನಗೆ ಗೊತ್ತಿಲ್ಲವೇ? ಹತ್ತು ಸಾಲನ್ನು ಒಂದು ಸಾಲಿಗೆ ಇಳಿಸಿ, ಮೇಲೆ ತಮ್ಮ ಅಭಿಪ್ರಾಯ ಐದು ಸಾಲು ಸುರಿಯುತ್ತಾರೆ. "ನನಗೆ ಬಂದ ಪತ್ರ ನನಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಾಗ್ತಿದೆ ಕಣೋ" ಅಂದೆಯಲ್ಲ, ಅವತ್ತು ಅಂಗಡಿಯಲ್ಲಿ ಕೂರಲಾಗಲಿಲ್ಲ ನನಗೆ.

ಪ್ರಿಂಟರ್ ರಿಪೇರಿಯವನಿಗೆ ಈ ಬಿಟ್ಟಿ ಚಾಕರಿ ಯಾಕೆ ಅಂತ ನೀನು ಹಿಂದೆ ಕೇಳಿದ್ದೆ. ತಂತ್ರಾಂಶ ಬರೆದವರು ಬೇರೆ. ಅದನ್ನು ಕಟ್ಟುವ ಸೂಚನೆ ನೋಡಿಕೊಳ್ಳುವವನು ನಾನು. ಯಾವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ತುಂಡು, ಮೊದಲು ಇರಬೇಕು, ಯಾವುದರ ಮೇಲೆ ಯಾವುದು ಕೂರಬೇಕು, ಅಷ್ಟೇ. ಲೋಕಕ್ಕೆಲ್ಲ ಪುಕ್ಕಟೆ ಹಂಚುವ ಸರಕು. ನನ್ನ ಲೆಕ್ಕದಲ್ಲಿ ಗಿರಾಕಿ ನೀನೊಬ್ಬಳೇ.

ಈ ಸಲ ಲಿನಕ್ಸ್ ಹಂಚುವ ತಂಡದಿಂದ ಹೊಸ ನಿಯಮ ಬಂತು. ಪ್ರತಿ ತಂತ್ರಾಂಶವನ್ನೂ ಬೇರೇನೂ ಹಾಕಿರದ ಖಾಲಿ ಯಂತ್ರದಲ್ಲಿ, ಸೂಚನೆಯಲ್ಲಿ ಬರೆದದ್ದನ್ನಷ್ಟೇ ಕೊಟ್ಟು ಕಟ್ಟಬೇಕು. ನಮ್ಮದು ಕಟ್ಟಲಾಗದೆ ಬಿತ್ತು. ಈ ವಾರ ಸರಿಹೋಗದಿದ್ದರೆ ಪೂರ್ತಿ ಕೈಬಿಡುತ್ತೇವೆ ಅಂದರು. ನನ್ನ ಮೆಷಿನ್ನಿನಲ್ಲಿ ಸಲೀಸಾಗಿ ಆಗುತ್ತಿದೆಯಲ್ಲ ಅಂತ ವಾದಿಸಿದರೆ, ಆ ತಂಡದ ಉಸ್ತುವಾರಿ ಮೇಡಂ ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಬರೆದರು.

ನಿನ್ನೆ ಮಧ್ಯಾಹ್ನ, ಬೇಕಾದ್ದೆಲ್ಲ ಅಲ್ಲೇ ಇದೆಯಲ್ಲ ಅಂತ ಪರದೆಗೆ ಬೈಯುತ್ತಿದ್ದೆ. ಬೈಯುತ್ತಲೇ ಹಳೇ ಮಾತೊಂದು ನೆನಪಾಯಿತು. ನಿನಗೆ ಕಣ್ಣು ಕಾಣದಾದ ಹೊಸತರಲ್ಲಿ, ಕತ್ತರಿ ಎಲ್ಲೋ ಅಂತ ನೀನು ಕೇಳಿದರೆ ಇದೇ ಮಾತು ಅಂದಿದ್ದೆ ನಾನು. "ಅಲ್ಲೇ ಇದೆ ಅಂದ್ರೆ ನಿನಗಿದೆ. ನನಗೆಲ್ಲಿದೆ, ಅದನ್ನ ಹೇಳು" ಅಂದಿದ್ದೆ ನೀನು. ಖಾಲಿ ಯಂತ್ರವೂ ನಿನ್ನ ಹಾಗೇ, ಚಿಕ್ಕಮ್ಮ. ಬಾಯಿಬಿಟ್ಟು ಹೇಳದ್ದು ಅದಕ್ಕೆ ಇಲ್ಲವೇ ಇಲ್ಲ.

ನಾನೂ ಒಂದು ಖಾಲಿ ಯಂತ್ರ ಹೂಡಿಕೊಂಡು ಕೂತೆ. ಸಿಕ್ಕಿತು! ನೀನು ಓದನ್ನು ಓಡಿಸಿ ಓಡಿಸಿ ಕೇಳುತ್ತೀಯಲ್ಲ, ಆ ವೇಗ ಏರಿಸುವ ಪುಟ್ಟ ಲೈಬ್ರರಿ. ಹಾಡಿಗೆಂದು ನಾನು ಹಾಕಿಕೊಂಡ ಪ್ಲೇಯರಿನ ಬೆನ್ನಿಗೆ ಅಂಟಿ ಬಂದು ನನ್ನ ಮೆಷಿನ್ನಿನಲ್ಲಿ ಹಾಯಾಗಿ ಬೀಡುಬಿಟ್ಟಿತ್ತು. ಸೂಚನೆಯಲ್ಲಿ ಅದರ ಸುದ್ದಿಯೇ ಇಲ್ಲ. ಒಂದು ಸಾಲು ಸೇರಿಸಿ ಕಳಿಸಿದೆ. ಖಾಲಿ ಯಂತ್ರ ಒಂದೊಂದೇ ತುಂಡು ಕೂರಿಸುತ್ತ ಹೋಗಿ, ಕೊನೆಗೆ ಎಲ್ಲ ಸರಿ ಎನ್ನುವ ಹಸಿರು ಗುರುತು ಬಿತ್ತು ನೋಡು, ಎದುರಿಗಿದ್ದ ಗಿರಾಕಿಯ ಕೈ ಹಿಡಿದು ಕುಲುಕಿಬಿಟ್ಟೆ. ಪಾಪ, ತಮ್ಮ ಪ್ರಿಂಟರ್ ಸರಿಹೋಯಿತು ಅಂದುಕೊಂಡರು.

ರಾತ್ರಿಯೇ ಇಲ್ಲಿಂದಲೇ ನಿನ್ನ ಕಂಪ್ಯೂಟರಿಗೂ ಅದನ್ನು ಹಾಕಿದೆ. ಇನ್ನು ಗುಟ್ಟು. ಬೇಗ ಮಾಡು ಅಂತ ದಿನಾ ನನ್ನ ತಲೆ ತಿಂದದ್ದು ಚಿಕ್ಕಪ್ಪ. "ನಾನು ಓದ್ತಿದ್ರೆ ಮುಖ ಆ ಕಡೆ ಮಾಡ್ಕೋತಾಳೆ ಕಣೋ. ಅವಳ ಪತ್ರ ಅವಳಿಗೆ ಕೊಡಿಸಿಬಿಡು" ಅಂದರು. ನಿನಗೆ ಹೇಳಕೂಡದು ಅಂತ ಆಣೆ ಬೇರೆ. ಅವರ ಬಾಯಿಂದಲೇ ನೀನು ಪತ್ರ ಕೇಳುವಾಗ ಇದನ್ನು ಹೇಗೆ ಬರೆಯಲಿ? ಈಗ ಬರೆದೆ.

ಪಕ್ಕದಲ್ಲೇ ಕೂತು, ಏನು ಬರೆದಿದ್ದಾನೆ ಅಂತ ಕೇಳುತ್ತಾರೆ. ಅವರ ಹಾಗೆಯೇ ಒಂದು ಸಾಲಿಗೆ ಇಳಿಸಿ ಹೇಳು, ಸಾಕು.

ನಿನಗೆ ಬಂದ ಮಾತು ನಿನ್ನ ಕಿವಿಗೇ ಮೊದಲು ಮುಟ್ಟುತ್ತಿರಲಿ. ಇದ್ದಲ್ಲಿಂದಲೇ ಹರಸು.

ಇತಿ,
ನಿನ್ನ ಬಿಟ್ಟಿ ಚಾಕರಿಯವ