ಮೇಸಿಯ ನಿದ್ದೆಯ ಹೊತ್ತು

ಅರ್ಕನ್ಸಾ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಲೊರೀನ್ ಅಕ್ಕಾ,

ಫೋನ್ ಮಾಡಿದರೆ ನೀನು ಮೊದಲು ಊಟ ಆಯಿತಾ ಎನ್ನುತ್ತೀಯ, ನಾನು ಸುಳ್ಳು ಹೇಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಪತ್ರ. ಸಾಕಾಗಿ ಹೋಗಿದೆ ಕಣೆ.

ಮೇಸಿ ಎಂಬ ಹತ್ತು ತಿಂಗಳ ಕೂಸಿಗೆ ನ್ಯಾಯಾಲಯ ನನ್ನನ್ನು ವಕೀಲೆಯನ್ನಾಗಿ ನೇಮಿಸಿದೆ. ತಾಯಿ ಕೆಂಡ್ರಾ ಮತ್ತಿನ ಗುಳಿಗೆಯ ಚಟಕ್ಕೆ ಬಿದ್ದಿದ್ದಳು. ಕೌಂಟಿಯ ಮಕ್ಕಳ ಇಲಾಖೆಯವರು ಮಗುವನ್ನು ಡಾಟಿ ಎಂಬಾಕೆಯ ಮನೆಯಲ್ಲಿ ಸಾಕಲು ಬಿಟ್ಟಿದ್ದಾರೆ. ಕೆಂಡ್ರಾ ಈಗ ಗುಳಿಗೆ ಬಿಟ್ಟು ಕೋಳಿ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ವಾರಕ್ಕೆರಡು ಸಲ ಮಗಳನ್ನು ನೋಡಲು ಬಿಡುತ್ತಾರೆ.

ಆ ಭೇಟಿ ಮಧ್ಯಾಹ್ನ ಇಲಾಖೆಯ ಕಚೇರಿಯಲ್ಲಿತ್ತು, ಅಲ್ಲಿನ ಕೋಣೆ ಖಾಲಿಯಾಗುವುದೇ ಆಗ. ಕೂಸು ತಾಯಿಯನ್ನು ಕಂಡೊಡನೆ ಕಿರುಚುತ್ತಿತ್ತು. ಕೌಂಟಿಯ ವಕೀಲ ವೇಡ್, "ಈ ಮಗೂಗೆ ತಾಯಿ ಕಂಡ್ರೇ ಆಗಲ್ಲ ಕಣ್ರೀ, ಭೇಟಿ ನಿಲ್ಸಿಬಿಡಿ" ಅಂದ. ಭೇಟಿ ನಿಂತರೆ ಕೆಂಡ್ರಾ ಮಗಳನ್ನು ಕಳೆದುಕೊಂಡ ಹಾಗೆಯೇ.

ಆಗ ನಿನ್ನ ಪಾಠ ನೆನಪಾಯಿತು. ಮಕ್ಕಳ ಡಾಕ್ಟರು ನೀನು, ಕೋರ್ಟಿನ ಊಟದ ಬಿಡುವಿನಲ್ಲಿ ಎಳೆ ಮಕ್ಕಳ ಆರೋಗ್ಯದ ಬಗ್ಗೆ ಹೇಳುತ್ತಿದ್ದರೆ ನಾವು ವಕೀಲರೆಲ್ಲ ಸ್ಯಾಂಡ್‌ವಿಚ್ ಮೆಲ್ಲುತ್ತಾ ಕೂತಿದ್ದೆವು. ನೀನು ರೇಗಿ, "ಕೂಸು ಯಾವಾಗ ನಿದ್ದೆ ಮಾಡತ್ತೆ ಅಂತ ಒಬ್ರಾದ್ರೂ ಕೇಳಿದ್ದೀರೇನ್ರೀ?" ಎಂದಿದ್ದೆ. ಹೋಗಿ ಡಾಟಿಯನ್ನು ಕೇಳಿದೆ. "ಅಂತೂ ಒಬ್ರು ಕೇಳಿದ್ರಲ್ಲ ಮಾರಾಯ್ತಿ! ಮಧ್ಯಾಹ್ನ ಉಂಡು ಮಲಗ್ತಾಳೆ, ಸರಿಯಾಗಿ ಆಗಲೇ ಕೌಂಟಿ ಕಾರು ಬಂದು ಎಬ್ಬಿಸ್ಕೊಂಡು ಹೋಗತ್ತೆ" ಎಂದಳು.

ಇದನ್ನೇ ಕೋರ್ಟಿನಲ್ಲಿ ಹೇಳಿದೆ. ನ್ಯಾಯಾಧೀಶೆ ಪ್ರೂಯಿಟ್ ಒಪ್ಪಿ ಭೇಟಿಯನ್ನು ಬೆಳಗ್ಗೆ, ಡಾಟಿಯ ಮನೆಯಲ್ಲೇ ಇಟ್ಟರು. ಗೆದ್ದೆ ಎಂದು ಬೀಗಿದೆ. ಕೂಸಿನ ನಿದ್ದೆ ಲೆಕ್ಕಕ್ಕೆ ಬಂತು, ತಾಯಿಯದು ಯಾರಿಗೂ ನೆನಪಾಗಲಿಲ್ಲ. ನಿನ್ನೆ ಕೆಂಡ್ರಾ ಪಾಳಿ ಮುಗಿಸಿ ನೇರ ಬಂದಳು. ಮಗಳಿಗೆ ಓಟ್ಸ್ ಗಂಜಿ ತಿನ್ನಿಸಿ ಎದೆಗೊರಗಿಸಿಕೊಂಡು ಸೋಫಾದಲ್ಲಿ ಕೂತವಳು ಹಾಗೇ ತೂಕಡಿಸಿದಳು. ಮೇಸಿ ಅಳಲಿಲ್ಲ. ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ತಾನೂ ನಿದ್ದೆ ಹೋದಳು. ಸೋಫಾದಲ್ಲಿ ಹಾಗೆ ಮಲಗಬಾರದು ಎಂದು ನೀನು ಬೈಯುತ್ತೀಯ, ಗೊತ್ತು. ಡಾಟಿಯೂ ನಾನೂ ಪಕ್ಕದಲ್ಲೇ ಕಣ್ಣಿಟ್ಟು ಕೂತಿದ್ದೆವು.

ಭೇಟಿಯ ಮೇಲ್ವಿಚಾರಣೆಗೆಂದು ಇಲಾಖೆಯಿಂದ ಬಂದಾಕೆ ಮಾತ್ರ "ತಾಯಿಗೆ ಮಗುವಿನ ಕಡೆ ಗಮನವಿಲ್ಲ" ಎಂದು ವರದಿ ಕೊಟ್ಟಳು. "ನಿದ್ದೆ ಮಾಡೋಕೆ ಭೇಟಿ ಬೇರೆ ಕೇಡು" ಎಂದು ವೇಡ್ ನಗುತ್ತಾನೆ. ಗುರುವಾರ ವಿಚಾರಣೆ. ಹೆದರಿದ ಕೂಸು ಹಾಗೆ ಮೈಮರೆತು ಮಲಗುವುದಿಲ್ಲ ಎಂದು ನೀನು ಬಂದು ಹೇಳಬೇಕು. ನಾನು ಹೇಳಿದರೆ ವಕೀಲಿ ಮಾತು ಎನ್ನುತ್ತಾರೆ. ನನಗೇನೂ ಆಗಿಲ್ಲ, ಚೆನ್ನಾಗಿದ್ದೇನೆ. ಮೇಸಿಗಾಗಿ ಬಾ.

ನಿನ್ನ ತಂಗಿ,
ಟ್ರೂಡಿ

ಮರೆತ ವಿಷಯ: ಶುಕ್ರವಾರ. ಪತ್ರ ಅಂಚೆಗೆ ಹಾಕುವುದನ್ನೇ ಮರೆತಿದ್ದೆ, ನನ್ನ ಸ್ಥಿತಿ ನೋಡು. ನಿನ್ನ ಪಾಠದ ದಿನ ಪ್ರೂಯಿಟ್ ಅವರೂ ಹಿಂದೆ ಕೂತಿದ್ದರಂತೆ. ನಿನ್ನೆ ವಿಚಾರಣೆಯಲ್ಲಿ ವರದಿ ಕೇಳಿ, "ವೇಡ್, ನಿಮ್ಮ ಮಗಳು ಕಂಡಕಂಡೋರ ಎದೆ ಮೇಲೆ ನಿದ್ದೆ ಮಾಡ್ತಿದ್ಲೇನ್ರೀ?" ಎಂದರು. ಭೇಟಿ ಮುಂದುವರಿಯುತ್ತದೆ, ಇನ್ನು ಸಂಜೆ ಹೊತ್ತು, ಕೆಂಡ್ರಾಳ ನಿದ್ದೆಯಾದ ಮೇಲೆ. ಸಾಕ್ಷಿ ಹೇಳಲು ನೀನಿನ್ನು ಬರಬೇಕಾಗಿಲ್ಲ. ಆದರೂ ಬಾ ಅಕ್ಕಾ, ನನಗೂ ಸರಿಯಾಗಿ ನಿದ್ದೆಯಿಲ್ಲ. ಅವತ್ತು ಅವರಿಬ್ಬರೂ ಮಲಗಿದ್ದು ಕಂಡು ನನಗೆ ಹೊಟ್ಟೆಕಿಚ್ಚಾಯಿತು.