ವೆಲ್ಮಾಳನ್ನು ಬಯ್ಯಲು ಬಾ

ಒಸಾಕಾ
೨೭ ಅಕ್ಟೋಬರ್ ೨೦೧೯

ಪ್ರೀತಿಯ ಚಿಹಾರು,

ನೀನು ಫೋನ್ ಇಟ್ಟುಬಿಟ್ಟೆ, ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ಮಧ್ಯೆ ಬಾಯಿ ಹಾಕುವವರು ಯಾರೂ ಇಲ್ಲ. ಸಿಟ್ಟಿನಲ್ಲಿ ಓದದೆ ಹರಿದು ಹಾಕುತ್ತೀಯೇನೋ ಎಂಬ ಅಂಜಿಕೆ ಇಲ್ಲದಿಲ್ಲ. ಆದರೆ ನಿನ್ನನ್ನು ಹೆತ್ತವಳು ನಾನು. ಹರಿದ ಮೇಲೂ ಚೂರು ಜೋಡಿಸಿ ಓದುವ ಜಾತಿ ನಿನ್ನದು.

ನಾನು ಚೆನ್ನಾಗಿದ್ದೇನೆ. ಅಂಗಡಿಯೂ ಚೆನ್ನಾಗಿದೆ, ಕೋಸಿನ ಬೆಲೆ ಇಳಿದಿದೆ, ನನ್ನ ಕೋಸಿನ ದೋಸೆ, ಒಕೊನೊಮಿಯಾಕಿ ತಿನ್ನುವವರ ಹಸಿವು ಇಳಿದಿಲ್ಲ. ಕತ್ತು ಎಂದಿನಂತೆಯೇ. ಪಕ್ಕದಲ್ಲಿ ಕೂತ ಗಿರಾಕಿ ಕರೆದರೆ ಇಡೀ ಮೈ ತಿರುಗಿಸಿ ಏನು ಬೇಕೆಂದು ಕೇಳುತ್ತೇನೆ. ಹೊಸಬರು ಜಗಳಕ್ಕೆ ಬಂದಳೆಂದು ಹೆದರುತ್ತಾರೆ, ಹಳಬರು ನಗುತ್ತಾರೆ.

ಮೊನ್ನೆ ನೀನು ಹೇಳಿದ್ದು ಕಿವಿಯಲ್ಲೇ ಇದೆ. "ನಿನ್ನ ಕತ್ತು ಮುರಿದೋಳ ಜೊತೆ ಮತ್ತೆ ರಿಂಗ್ ಹತ್ತೀಯಾ? ನಾಚ್ಕೆ ಆಗಲ್ವಾ ಅಮ್ಮ ನಿಂಗೆ? ಹತ್ತಿದ್ರೆ ನಾನು ಹೊಸವರ್ಷಕ್ಕೂ ಬರಲ್ಲ, ಆಮೇಲೂ ಬರಲ್ಲ" ಅಂದೆ. ನಿನ್ನ ಮಾತು ಬರೀ ಬೆದರಿಕೆಯಲ್ಲ ಎಂದು ನನಗೆ ಗೊತ್ತು. ಅಪ್ಪ ಹೋದ ಮೇಲೆ ನನಗೆ ಇರುವವಳು ನೀನೊಬ್ಬಳೇ. ನಿನ್ನನ್ನು ಕಳೆದುಕೊಂಡು ಯಾವ ರಿಂಗ್ ಹತ್ತಿದರೇನು ಬಂತು? ಹಾಗಾಗಿ, ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡದ್ದನ್ನು ಈಗ ಹೇಳುತ್ತಿದ್ದೇನೆ. ಕೂತುಕೊಂಡು ಓದು.

ವೆಲ್ಮಾ ನನ್ನ ಕತ್ತು ಮುರಿಯಲಿಲ್ಲ.

ಆ ಕಾಲ ನಿನಗೆ ಗೊತ್ತಿಲ್ಲ. ನೀನಿನ್ನೂ ಹುಟ್ಟಿರಲಿಲ್ಲ. ನಮ್ಮ ಶಿರಾನಮಿ ಕಂಪನಿಯ ಹುಡುಗಿಯರ ಕುಸ್ತಿ ಟೀವಿಯಲ್ಲಿ ಬರುವ ಹೊತ್ತಿಗೆ ಸ್ಕೂಲು ಹುಡುಗಿಯರೆಲ್ಲ ಓಡಿ ಮನೆ ಸೇರುತ್ತಿದ್ದರು. ನಮ್ಮ ಹೆಸರು ಕೂಗಿದೊಡನೆ ನಾಲ್ಕೂ ದಿಕ್ಕಿನಿಂದ ಬಣ್ಣದ ಕಾಗದದ ಸುರುಳಿಗಳು ಹಾರಿ ಬರುತ್ತಿದ್ದವು. ರಿಂಗ್ ಕಾಣಿಸುತ್ತಿರಲಿಲ್ಲ, ನಮ್ಮ ಮೊಣಕಾಲೂ ಕಾಣಿಸುತ್ತಿರಲಿಲ್ಲ. ನನ್ನ ಬಣ್ಣ ಹಳದಿ. ಇವತ್ತಿಗೂ ಎಲ್ಲಾದರೂ ಹಳದಿ ಕಾಗದ ಬಿದ್ದಿರುವುದು ಕಂಡರೆ ಯಾರೋ ನನ್ನನ್ನು ಕರೆದಂತಾಗುತ್ತದೆ. ನಗಬೇಡ.

ನನ್ನ ಕತ್ತು ಮುರಿದ ವರ್ಷದ ಶರತ್ಕಾಲದಲ್ಲಿ ಅಮೆರಿಕದ ಕಂಪನಿಯೊಂದು ನಮ್ಮ ಮೇಲೆ ಪಂಥ ಕಟ್ಟಿ ಬಂತು. ಅವರ ಹುಡುಗಿಯರು, ನಮ್ಮ ಹುಡುಗಿಯರು, ತಿಂಗಳಿಡೀ ಊರಿಂದೂರಿಗೆ. ಬಸ್ಸು ಬೇರೆ, ಹೋಟೆಲು ಬೇರೆ. ಹಗೆಗಳು ಒಂದೇ ಮೇಜಿನಲ್ಲಿ ಅನ್ನ ತಿನ್ನುವುದನ್ನು ಜನ ನೋಡಿಬಿಟ್ಟರೆ ಆಟ ಕೆಟ್ಟಿತು ಎಂದು ನಮ್ಮ ಅಧ್ಯಕ್ಷ ಕಡೋಟಾರ ಕಟ್ಟುನಿಟ್ಟು. ಅವರ ಬಸ್ಸು ನಮ್ಮ ಬಸ್ಸನ್ನು ದಾಟುವಾಗ ಕೆಂಪುಕೂದಲಿನ ಒಬ್ಬಳು ಕಿಟಕಿಗೆ ಮುಖ ಒತ್ತಿ ಹಲ್ಲು ಕಿರಿಯುತ್ತಿದ್ದಳು. ರಸ್ತೆಯಲ್ಲಿ ಜನ ಇಲ್ಲದಾಗ ಅದೇ ಮುಖದಿಂದ ಕಣ್ಣು ಹೊಡೆಯುತ್ತಿದ್ದಳು. ಅವಳೇ ವೆಲ್ಮಾ.

ರಿಂಗ್‌ಗೆ ಬರುವ ದಾರಿಯಲ್ಲಿ ಮುಂದಿನ ಸಾಲಿನವರ ಊಟದ ಡಬ್ಬಿ ಕಿತ್ತುಕೊಂಡು ತಿನ್ನುವುದು ಅವಳ ಖ್ಯಾತಿ. ಸಿಗಡಿ ಕರಿದದ್ದನ್ನೇ ಆರಿಸಿ ತಿನ್ನುತ್ತಿದ್ದಳು, ಉಪ್ಪಿನಕಾಯಿಯನ್ನು ಉಗಿಯುತ್ತಿದ್ದಳು. ದೊಡ್ಡ ದೊಡ್ಡ ಗಂಡಸರು ಕುರ್ಚಿ ಹಾರಿ ಓಡುತ್ತಿದ್ದರು, ಓಡಿಹೋಗಿ ನಗುತ್ತಿದ್ದರು. ಕೆಲವರು ಅವಳಿಗಾಗಿಯೇ ಎರಡು ಡಬ್ಬಿ ತರುತ್ತಿದ್ದರು, ಒಂದು ಕಿತ್ತುಕೊಳ್ಳಲಿ ಎಂದು. ಎಂಥ ಜನ, ಎಂಥ ಕಾಲ!

ಒಸಾಕಾದ ಕೊನೆಯ ದಿನದ ಪಂದ್ಯ ನನಗೂ ಅವಳಿಗೂ. ಅಂದು ಎರಡೂ ಕಂಪನಿಯ ಯಜಮಾನರು ಯಾರ ರಿಂಗ್ ಹಾಕುವುದೆಂದು ಬೆಳಗಿನಿಂದ ಗುದ್ದಾಡಿದರು. ಟೀವಿಯಲ್ಲಿ ಎರಡೂ ದೇಶಕ್ಕೆ ಹೋಗುವ ಆಟ, ಮರ್ಯಾದೆಯ ಪ್ರಶ್ನೆ. ಕೊನೆಗೆ ಮಕ್ಕಳ ಜಗಳದಂತೆ ತೀರ್ಮಾನವಾಯಿತು: ನೆಲ ನಮ್ಮದು, ಹಗ್ಗ ಅವರದು. ನಮ್ಮ ಹಗ್ಗದೊಳಗೆ ಉಕ್ಕಿನ ತಂತಿ, ಬಿಗಿಯಾಗಿ ನಿಲ್ಲುತ್ತದೆ. ಅವರದು ನಿಜವಾದ ಹಗ್ಗ, ಕಾಲಿಟ್ಟರೆ ತಗ್ಗುತ್ತದೆ. ನಿನ್ನ ಅಪ್ಪ ಆಗ ರಿಂಗ್ ಕಟ್ಟುವ ತಂಡದಲ್ಲಿದ್ದ. "ಹುಷಾರು ಇಕುಯೊ, ಮೇಲಿನ ಹಗ್ಗ ಹತ್ತೋದಾದ್ರೆ ಒಂದ್ಸಲ ತುಳಿದು ನೋಡು" ಅಂದ. ಆಗಿನ್ನೂ ನಮಗೆ ಮದುವೆಯಾಗಿರಲಿಲ್ಲ, ಅವನ ಮಾತನ್ನು ಕೇಳುವ ಅಭ್ಯಾಸವೂ ಆಗಿರಲಿಲ್ಲ. ಮದುವೆಯಾದ ಮೇಲೂ ಆಗಲಿಲ್ಲ ಎನ್ನು.

ನಮ್ಮ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ಗೊತ್ತಿರುತ್ತದೆ, ಬೀಳುವುದು ಮಾತ್ರ ನಿಜ. ನಾನು ಮೂಲೆಯ ಮೇಲಿನ ಹಗ್ಗದ ಮೇಲೆ ನಿಂತು ಅವಳ ಮೇಲೆ ಹಾರಬೇಕಿತ್ತು. ಹಗ್ಗ ತಗ್ಗಿತು, ಕಾಲು ಜಾರಿತು, ತಲೆ ಮೊದಲು ನೆಲ ಮುಟ್ಟಿತು. ಅವಳ ಕೈ ನನಗೆ ತಾಗಿಯೂ ಇರಲಿಲ್ಲ. ಮೇಲೆ ದೀಪಗಳು ಕಾಣುತ್ತಿದ್ದವು, ನನ್ನ ಕೈಗಳು ಎಲ್ಲಿವೆ ಎಂದು ತಿಳಿಯುತ್ತಿರಲಿಲ್ಲ. ಚಿಹಾರು, ಅಷ್ಟು ಹೆದರಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ನಮ್ಮಲ್ಲಿ ಬಿದ್ದವಳನ್ನು ಎಬ್ಬಿಸುವ ಕ್ರಮ ನಿನಗೆ ಗೊತ್ತಲ್ಲ. ಕಂಪನಿಯ ಹಿರಿಯ ಅಕ್ಕಂದಿರು ರಿಂಗ್‌ನ ಕೆಳಗಿನಿಂದ "ಏಳೇ! ಏಳೇ ಕತ್ತೆ!" ಎಂದು ಕೂಗುತ್ತಿದ್ದರು, ಕಿರಿಯರು ಕಾಲು ಹಿಡಿದು ಎಳೆಯಲು ಓಡಿ ಬಂದರು. ಹಿಡಿದು ಎಳೆದು ನಾಲ್ಕು ಬಾರಿಸಿ ಮತ್ತೆ ರಿಂಗ್‌ಗೆ ತಳ್ಳುವುದೇ ನಮಗೆ ಗೊತ್ತಿದ್ದ ಔಷಧ. ವೆಲ್ಮಾ ನನ್ನ ಕಣ್ಣು ನೋಡಿದಳು, ಅಷ್ಟೇ. ತಲೆಯ ಬಳಿ ಮಂಡಿಯೂರಿ ಕೂತಳು, ನನ್ನ ತಲೆಯನ್ನು ಎರಡು ತೊಡೆಗಳ ನಡುವೆ ಅದುಮಿ ಹಿಡಿದಳು. ಮುಖ ಪರಚುವವಳಂತೆ ಬೆರಳಾಡಿಸಿದಳು, ಕೂದಲು ಕೀಳುವಂತೆ ನಟಿಸಿದಳು, ಸಭೆಗೆ ಕೇಳುವಂತೆ ಅರಚಾಡಿದಳು. ಯಾರು ನನ್ನನ್ನು ಮುಟ್ಟಲು ಬಂದರೂ ಯಾರೋ ಒಳಗೆ ಎಸೆದ ಕುರ್ಚಿ ಬೀಸಿದಳು, ಒಬ್ಬಳ ಕೈಯನ್ನು ನಿಜವಾಗಿಯೂ ಕಚ್ಚಿದಳು. ಮೇಲೆ ಅಷ್ಟೆಲ್ಲ ರಂಪ ನಡೆಯುತ್ತಿದ್ದರೂ ಅವಳ ತೊಡೆಗಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಅರಚಾಟದ ನಡುವೆ ತಗ್ಗಿದ ದನಿಯಲ್ಲಿ ನನಗೆ ಏನೋ ಹೇಳುತ್ತಲೇ ಇದ್ದಳು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಿನಗೆ ಜ್ವರ ಬಂದ ರಾತ್ರಿಗಳಲ್ಲಿ ನಾನು ಅಂಥದೇ ದನಿಯಲ್ಲಿ ಮಾತಾಡಿದ್ದೇನೆ.

ಇಂಗ್ಲಿಷ್ ಬಲ್ಲ ರೆಫರಿ ಸೆಕಿನೆಯವರಿಗೆ, ಡಾಕ್ಟರು, ಮಲಗಿಸಲು ಹಲಗೆ, ಎಂದು ಹಲ್ಲು ಕಚ್ಚಿಕೊಂಡೇ ಹೇಳಿದಳಂತೆ. ಡಾಕ್ಟರು ಬರುವವರೆಗೆ ಇಡೀ ಒಸಾಕಾ ಅವಳ ಮೇಲೆ ಕಿತ್ತಳೆ, ಲೋಟ, ಕೂರುವ ದಿಂಬು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯಿತು. ಕೈ ಅಡ್ಡ ಹಿಡಿದು ಮುಖ, ಕಿವಿ ಉಳಿಸಿಕೊಳ್ಳಬಹುದಿತ್ತು. ಆ ಕೈಗಳನ್ನು ಅವಳು ನನ್ನ ಮುಖದ ಮೇಲೆ ಇಟ್ಟುಕೊಂಡಿದ್ದಳು.

ಕಿರಿಯರು ಎಳೆದಿದ್ದರೆ ಮೈಯಲ್ಲಿ ಕತ್ತಿನಿಂದ ಕೆಳಗೆ ಯಾವುದೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಕೋಸು ಹೆಚ್ಚುವ ಈ ಕೈಗಳು, ನಿನ್ನನ್ನು ಎತ್ತಿ ಆಡಿಸಿದ ಕೈಗಳು, ಅವಳು ಉಳಿಸಿ ಕೊಟ್ಟವು.

ಮರುದಿನದ ಪತ್ರಿಕೆಗಳಲ್ಲಿ ಅಮೆರಿಕದ ರಾಕ್ಷಸಿ ಜಪಾನಿ ಹುಡುಗಿಯ ಕತ್ತು ಮುರಿದಳು ಎಂದು ಬಂತು. ನಾನು ನಿಜ ಹೇಳುತ್ತೇನೆಂದು ಹಟ ಹಿಡಿದೆ. ಆಗ ಒಂದು ಮಧ್ಯಾಹ್ನ ಅವಳೇ ಸೆಕಿನೆಯವರನ್ನು ಕರೆದುಕೊಂಡು ಆಸ್ಪತ್ರೆಗೆ ಕದ್ದು ಬಂದಳು. ಆರಡಿ ಎತ್ತರದ ಕೆಂಪುಕೂದಲಿನ ಹೆಂಗಸು ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಗುರುತು ಸಿಗುವುದಿಲ್ಲವೆಂದು ಅವಳಿಗೆ ಯಾರು ಹೇಳಿದರೋ! ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡ ಅಜ್ಜಿ ಒಬ್ಬರಿದ್ದರು. ನೋಡಿದ್ದೇ ತಡ, ಚಪ್ಪಲಿ ಕೈಗೆ ತೆಗೆದುಕೊಂಡರು.

"ಏ ರಾಕ್ಷಸಿ! ಕತ್ತು ಮುರಿದಿದ್ದು ಸಾಲ್ದೂಂತ ಇಲ್ಲಿಗೂ ಬಂದ್ಯಾ? ಬಾ, ಮೊದ್ಲು ನನ್ನ ಜೊತೆ ಆಡು ಬಾ!"

ವೆಲ್ಮಾ ಬಟ್ಟೆ ಕಿತ್ತಳು, ಹಲ್ಲು ಕಿರಿದಳು, ಅಜ್ಜಿಯ ತಟ್ಟೆಯಲ್ಲಿದ್ದ ಪುಡಿಂಗ್ ಎತ್ತಿ ಒಂದೇ ಗುಕ್ಕಿಗೆ ನುಂಗಿದಳು. ಅಜ್ಜಿಯ ಚಪ್ಪಲಿ ಅವಳ ಬೆನ್ನಿಗೆ ಬಿತ್ತು. ಅಜ್ಜಿ ಮನೆಗೆ ಹೋಗುವ ದಿನದವರೆಗೂ ಬಂದವರಿಗೆಲ್ಲ ಅದೇ ಕಥೆ, ದಿನಕ್ಕೊಂದು ಏಟು ಹೆಚ್ಚಾಗುತ್ತಿತ್ತು. ಸೊಂಟದ ನೋವಿನ ಮಾತೇ ನಿಂತುಹೋಯಿತು.

ಸೆಕಿನೆಯವರ ಬಾಯಿಯಿಂದ ಅವಳು ನನಗೆ ಹೇಳಿಸಿದ್ದು ಇಷ್ಟು. "ನಮ್ಮೂರಲ್ಲಿ ನಾನು ಬಂದ್ರೂ ಹೋದ್ರೂ ಯಾರೂ ತಲೆ ಎತ್ತಿ ನೋಡಲ್ಲ. ಮೊದಲ್ನೇ ಪಂದ್ಯಕ್ಕೆ ಹಾಕ್ತಾರೆ, ಜನ ಆಗಿನ್ನೂ ಸೀಟು ಹುಡುಕ್ತಿರ್ತಾರೆ. ಇಲ್ಲಿ ನಾನು ಕಾಲಿಟ್ರೆ ಸಭೆ ಎದ್ದು ನಿಲ್ಲುತ್ತೆ. ಇದನ್ನ ಕಿತ್ಕೋಬೇಡ. ಬಾಯಿ ಬಿಟ್ಟೆ ಅಂದ್ರೆ ನಿಜವಾಗ್ಲೂ ಮುರೀತೀನಿ." ಹೇಳುತ್ತ ಹೇಳುತ್ತ ಸೆಕಿನೆಯವರಿಗೆ ಅಳು ಬಂತು. ಅವಳಿಗೆ ಬರಲಿಲ್ಲ.

ನಾನು ಮಾತು ಕೊಟ್ಟೆ. ಅದರಿಂದ ಅವಳು ಎಷ್ಟೋ ವರ್ಷ ಇಲ್ಲಿ ಬಂದು ಹೋಗಿ ಬೈಸಿಕೊಂಡು ಬದುಕಿದಳು. ಮನೆಯವರಿಗೂ ಹೇಳಬಾರದೆಂಬುದು ನಮ್ಮ ಕಸುಬಿನ ಕಟ್ಟಳೆ. ಅಪ್ಪನಿಗೆ ಗೊತ್ತಿತ್ತು, ಅವನೂ ನುಂಗಿಕೊಂಡು ಹೋದ. ಪುಟ್ಟ ಕೈಗಳಿಂದ ನೀನು ನನ್ನ ತಲೆಗೆ ನೀರು ಹಾಕುತ್ತ "ಆ ಕೆಂಪಿ ಸತ್ತೋಗ್ಲಿ" ಅನ್ನುತ್ತಿದ್ದೆ. ಹಳೆಯ ಪತ್ರಿಕೆಯಲ್ಲಿ ಅವಳ ಕಣ್ಣಿಗೆ ಪೆನ್ಸಿಲಿನಿಂದ ಚುಚ್ಚಿದ್ದನ್ನೂ ನೋಡಿದ್ದೇನೆ. ಮೊದಮೊದಲು ಹೇಳಬಾರದಿತ್ತು, ಆಮೇಲಾಮೇಲೆ ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ.

ಈಗ ಮತ್ತೆ ಎರಡು ದೇಶದ ಕಂಪನಿಗಳು ಎದುರು ಬದುರಾಗುತ್ತಿವೆ. ಹೊಸ ಹುಡುಗಿಯರ ಪಂದ್ಯಗಳ ಮಧ್ಯೆ ನಮ್ಮಂಥ ಹಳೇ ಸಾಮಾನನ್ನೂ ಒಂದು ಗಳಿಗೆ ತೋರಿಸುತ್ತಾರಂತೆ. ಕಂಪನಿಯ ಹುಡುಗ ಅಂಗಡಿಗೆ ಬಂದು, "ಇಕುಯೊ ಅಮ್ಮ, ನೀವಿಬ್ರೂ ರಿಂಗ್‌ನಲ್ಲಿ ಕೈ ಹಿಡ್ಕೊಳ್ಳಿ, ತಬ್ಬಿಕೊಳ್ಳಿ, ಜನ ಅತ್ತೇ ಬಿಡ್ತಾರೆ, ಬಣ್ಣದ ಸುರುಳಿಗಳನ್ನು ನಾವೇ ಹಂಚ್ತೀವಿ" ಅಂದ. ವೆಲ್ಮಾಗೆ ಫೋನ್ ಮಾಡಿಸಿದೆ. ಜನರೆದುರು ನೀನು ನನ್ನನ್ನು ಕ್ಷಮಿಸಿಬಿಟ್ಟರೆ ನಾನು ಬರುವುದಿಲ್ಲ ಎಂದಳು. ಎಪ್ಪತ್ತು ಹತ್ತಿರ ಬಂತು, ಕೋಲು ಹಿಡಿದು ನಡೆಯುತ್ತಾಳೆ, ಅವಳಿಗೆ ಬೇಕಾದದ್ದು ಒಂದೇ: ಒಸಾಕಾ ಇನ್ನೊಂದು ಸಲ ತನ್ನನ್ನು ಬಯ್ಯಬೇಕು.

ಹಾಗಾಗಿ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ನಾನು ಹೂಗುಚ್ಛ ಹಿಡಿದು ರಿಂಗ್‌ನಲ್ಲಿ ನಿಲ್ಲುತ್ತೇನೆ. ಅವಳು ಬಂದು ಅದನ್ನು ಕಿತ್ತು ನೆಲಕ್ಕೆ ಬಡಿದು ತುಳಿಯುತ್ತಾಳೆ. ಕಂಪನಿಯ ಹುಡುಗನಿಗೆ ಹೇಳಿಲ್ಲ, ಅಳುವವರು ಅವನೊಬ್ಬನೇ ಆಗಲಿ.

ನನಗಿರುವ ಹೆದರಿಕೆ ಬೇರೆ. ಅವಳನ್ನು ದ್ವೇಷಿಸಿದವರೆಲ್ಲ ಮುದುಕರಾದರು, ಅವರೀಗ ಅವಳನ್ನು ನೋಡಿ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆಯುತ್ತಾರೆ. ಹೊಸಬರಿಗೆ ಅವಳು ಯಾರೋ. ಈ ಭೂಮಿಯ ಮೇಲೆ ವೆಲ್ಮಾಳನ್ನು ಇಂದಿಗೂ ಮನಸಾರೆ ಬಯ್ಯಬಲ್ಲವಳು ನೀನೊಬ್ಬಳೇ ಉಳಿದಿದ್ದೆ. ನಿನ್ನನ್ನು ಉಳಿಸಿಕೊಳ್ಳಲು ನಿಜ ಹೇಳಬೇಕಾಯಿತು, ಹೇಳಿ ಆ ಬೈಗುಳವನ್ನೂ ಕಳೆದೆನೇನೋ. ಇದನ್ನು ಓದಿದ ಮೇಲೆ ನಿನಗೆ ಕೂಗಲು ಬಾಯಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ಕೇಳುತ್ತೇನೆ, ಮಗಳೇ. ಬಾ. ಮುಂದಿನ ಸಾಲಿನಲ್ಲಿ ಕೂತು, ಇಷ್ಟು ವರ್ಷ ನನಗಾಗಿ ಕೂಡಿಟ್ಟ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿ. ಕಣ್ಣಲ್ಲಿ ನೀರು ಬಂದರೆ ಬರಲಿ, ದನಿ ಮಾತ್ರ ತಗ್ಗಿಸಬೇಡ. ನಮ್ಮ ಮನೆಯಿಂದ ಅವಳಿಗೆ ಕೊಡಬಹುದಾದ ಬೇರೆ ಯಾವ ಉಡುಗೊರೆಯೂ ಇಲ್ಲ.

ಬಾರದಿದ್ದರೂ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಊಟ ಬಿಡಬೇಡ.

ನಿನ್ನ ದಾರಿ ಕಾಯುವ
ಅಮ್ಮ,
ಇಕುಯೊ

ಬರೆಯಲು ಮರೆತಿದ್ದೆ: ಅವಳಿಗೆ ಈಗ ಬಲಗಿವಿ ಕೇಳಿಸುವುದಿಲ್ಲವಂತೆ. ಯಾವತ್ತಿನಿಂದ ಎಂದು ಕೇಳಿದರೆ ಮಾತು ಮರೆಸಿದಳು. ಅವಳು ನಡೆದು ಬರುವಾಗ ಎಡಕ್ಕೆ ಸಿಗುವ ಸೀಟನ್ನೇ ನಿನಗೆ ಹಿಡಿಸಿದ್ದೇನೆ. ಅಲ್ಲಿಂದ ಕೂಗು.