ಎಡಗೈಯ ಶಿಫಾರಸು

ಮನೆ, ಅಡುಗೆಮನೆಯ ಕಿಟಕಿ ಪಕ್ಕ
ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಿಲ್ಲಿನಲ್ಲಿ ದಿನವಿಡೀ ನಿಂತು ಕಾಲು ಬಾತುಕೊಳ್ಳುವುದು ಕಡಿಮೆಯಾಯಿತೇ? ಅಮ್ಮ ಕಳಿಸಿದ ಮುಲಾಮು ಹಚ್ಚುತ್ತಿದ್ದೀಯ ತಾನೇ, ಇಲ್ಲ ಪೆಟ್ಟಿಗೆಯ ತಳದಲ್ಲಿ ಹಾಗೇ ಬಿದ್ದಿದೆಯಾ? ಅಪ್ಪ ಈಗ ಕೋಲಿಲ್ಲದೆ ಗೇಟಿನವರೆಗೆ ನಡೆಯುತ್ತಾರೆ. ವಾಪಸ್ ಬರುವಾಗ ಮಾತ್ರ ನನ್ನ ಭುಜ ಬೇಕು.

ಈಗ ಹೇಳಬೇಕಾದ್ದು. ನಾಲ್ಕು ದಿನದಿಂದ ಈ ಕಾಗದ ಶುರು ಮಾಡಿ ಮಾಡಿ ಬಿಡುತ್ತಿದ್ದೇನೆ. ದೊಡ್ಡ ಕಾಲೇಜಿಗೆ ಅರ್ಜಿ ಹಾಕಲು ಮೇಷ್ಟ್ರೊಬ್ಬರ ಶಿಫಾರಸು ಪತ್ರ ಬೇಕಿತ್ತು. ನಮ್ಮ ಗುಂಡುಸೂಜಿ ಮೇಷ್ಟ್ರು, ಅದೇ, ಜೇಬಿನ ಅಂಚಿಗೆ ಸಾಲಾಗಿ ಪಿನ್ನು ಚುಚ್ಚಿಕೊಂಡು ನಮ್ಮಿಬ್ಬರಿಗೂ ಕೆಮಿಸ್ಟ್ರಿ ಕಲಿಸಿದವರು, ಉತ್ತರಪತ್ರಿಕೆಗಳ ರಾಶಿಯಿಂದ ತಲೆಯೆತ್ತದೆ, "ನೀನೇ ಬರ್ಕೊಂಡು ಬಾ, ಸರಿ ಇದ್ರೆ ಸಹಿ ಹಾಕ್ತೀನಿ" ಅಂದರು. ನನ್ನ ಬಗ್ಗೆ ನಾನೇ "ಅವಳು" ಎಂದು ಬರೆಯಬೇಕು. ಅವಳು ಜಾಣೆ ಎಂದು ಬರೆದೆ, ನನಗೇ ನಗು ಬಂತು. ಮುಂದಕ್ಕೆ ಪೆನ್ನು ಓಡಲಿಲ್ಲ. ಆಮೇಲೆ "ಅವಳು" ಎಂದಾಗಲೆಲ್ಲ ನಿನ್ನನ್ನು ನೆನೆಸಿಕೊಂಡೆ ನೋಡು, ಒಂದೇ ಉಸಿರಿಗೆ ಎರಡು ಪುಟ ತುಂಬಿತು. ಹಿಂದಿನ ಬೆಂಚಿನವರನ್ನು ಕೂರಿಸಿಕೊಂಡು ನೀನು ಪಾಠ ಹೇಳಿಕೊಟ್ಟಿದ್ದು, ಗೆಳತಿ ಒಡೆದ ಗಾಜಿನ ಕೊಳವೆಗೆ ನೀನು ಬೈಸಿಕೊಂಡಿದ್ದು, ಎಲ್ಲ ನನ್ನದಾಯಿತು. ಓದಿ ನೋಡಿ ಬೀಗಿದೆ ಕೂಡ. ಹೇಳಲು ನಾಚಿಕೆ, ಆದರೆ ಬೀಗಿದ್ದು ನಿಜ.

ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ ತಮ್ಮ ಪೆನ್ನನ್ನು ನನಗೆ ಕೊಟ್ಟು, "ಇಲ್ಲಿ ತಾರೀಖು ಹಾಕು" ಅಂದರು. ಹಾಕಿದೆ. ಅವರು ನನ್ನ ಬಲಗೈಯನ್ನೇ ನೋಡುತ್ತಿದ್ದರು. "ಎಡಗೈಲಿ ಕೆಲಸ ಮಾಡಿದ್ರೂ ಒಂದು ಹನಿ ಚೆಲ್ಲಲ್ಲ ಅಂತ ಬರ್ದಿದ್ದೀಯಲ್ಲಮ್ಮ, ಯಾರದು?" ನಮ್ಮ ಮನೆಯಲ್ಲಿ ಎಡಚಿ ನೀನೊಬ್ಬಳೇ ಎಂಬುದು ನನಗೆ ಮರೆತೇ ಹೋಗಿತ್ತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. "ನಿಮ್ಮಕ್ಕ ಈಗೇನ್ ಮಾಡ್ತಿದ್ದಾಳೆ?" ಅಂದರು. ಅಪ್ಪ ಹಾಸಿಗೆ ಹಿಡಿದಾಗ, ನಾನಾದರೂ ಓದಲಿ ಎಂದು ಕಾಲೇಜು ಬಿಟ್ಟು ಮಿಲ್ಲಿಗೆ ಸೇರಿದಳು ಎಂದು ಹೇಳುವಷ್ಟರಲ್ಲಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿನ್ನ ಓದು ಕಿತ್ತುಕೊಂಡಿದ್ದು ಸಾಲದೆಂದು ನಿನ್ನ ಒಳ್ಳೆತನವನ್ನೂ ಕದ್ದೆನಲ್ಲ ಅಕ್ಕಾ. ಕ್ಷಮಿಸು ಎನ್ನಲೂ ಬಾಯಿ ಬರುತ್ತಿಲ್ಲ.

ಅಪ್ಪ, ಅಮ್ಮ ನಿನ್ನನ್ನು ತುಂಬಾ ಕೇಳಿದ್ದಾರೆ. ಅವರಿಗೆ ಇದಾವುದೂ ಗೊತ್ತಿಲ್ಲ. ಕಾಲು ನೋಡಿಕೋ.

ನೀನೇ ಹೆಸರಿಟ್ಟ
ಮೊದ್ದು

ತಾ.ಕ.: ಟಪಾಲು ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನನಗೆ ಮೇಷ್ಟ್ರು ತಾವೇ ನಾಲ್ಕು ಸಾಲು ಬರೆದುಕೊಟ್ಟರು. ಅಷ್ಟೇ ನನ್ನದು, ಅಷ್ಟೇ ಕಳಿಸಿದ್ದೇನೆ. ನಾನು ಬರೆದದ್ದನ್ನು ಅವರು ಹರಿಯಲಿಲ್ಲ. ನನ್ನ ಹೆಸರಿಗೆ ಗೀಟು ಹಾಕಿ, ನಿನ್ನ ಹೆಸರು ಬರೆದು, ಸಹಿ ಮಾಡಿ, ಇನ್ನೊಂದು ಅರ್ಜಿಗೆ ಪಿನ್ನು ಚುಚ್ಚಿ ಕೊಟ್ಟರು. ನಿನ್ನ ಮಿಲ್ಲಿನ ಊರಿನಲ್ಲೇ ಕೆಲಸಕ್ಕೆ ಹೋಗುವವರಿಗೆ ಸಂಜೆ ಕಾಲೇಜಿದೆಯಂತೆ. ಕೊನೆಯ ದಿನ ಮೂವತ್ತು. ಎರಡನ್ನೂ ಇದರೊಳಗೆ ಇಟ್ಟಿದ್ದೇನೆ. ಅರ್ಜಿಯನ್ನು ಮಾತ್ರ ನೀನೇ ನಿನ್ನ ಕೈಯಲ್ಲಿ ತುಂಬು.